ಜೀನ್ ಹೆಸರಿಂದ ನೊಣದ ವಯಲ್‌ವರೆಗೆ: ಫ್ಲೈಬೇಸ್ ಬಳಸೋದು ಹೇಗೆ

ಡ್ರೊಸೊಫಿಲಾ (ಹಣ್ಣಿನ ನೊಣ) ಲ್ಯಾಬಿಗೆ ಹೊಸದಾಗಿ ಸೇರೋ ಎಂಎಸ್ಸಿ ಹುಡುಗ್ರು, ಪಿಎಚ್‌ಡಿ ಮೊದಲನೇ ವರ್ಷದವ್ರು ನನ್ನ ಟೇಬಲ್ ಹತ್ರ ಬಂದು ಕೇಳೋ ಪ್ರಶ್ನೆ ಹೆಚ್ಚೂಕಡಿಮೆ ಒಂದೇ ಥರ ಇರುತ್ತೆ, "ಅಕ್ಕಾ, ಸರ್ ಒಂದು ಜೀನ್ ಹೆಸರು ಕೊಟ್ಟಿದ್ದಾರೆ, ಎಲ್ಲಿಂದ ಶುರು ಮಾಡ್ಲಿ?" ಅಷ್ಟೊತ್ತಿಗೆ ಅವ್ರು ಗೂಗಲ್‌ನಲ್ಲಿ ಹತ್ತು ಪೇಪರ್ ತೆಗ್ದಿರ್ತಾರೆ, ಒಂದೂ ಪೂರ್ತಿ ಓದಿರಲ್ಲ, ಅರ್ಧ ಇಲಿ ಮೇಲಿಂದು ಅರ್ಧ ಮನುಷ್ಯರ ಮೇಲಿಂದು, ತಲೆ ಕೆಟ್ಟು ಹೋಗಿರುತ್ತೆ. ಪ್ರತಿ ಸಲ ಪಕ್ಕ ಕೂರಿಸ್ಕೊಂಡು ಹೇಳಿಕೊಟ್ಟಿದ್ದನ್ನ ಇವತ್ತು ಬರೆದಿಡ್ತಾ ಇದೀನಿ, ಕನ್ನಡದಲ್ಲಿ ಇದು ಎಲ್ಲೂ ಸಿಗಲ್ಲ ಅಂತ ತುಂಬಾ ಜನ ಕೇಳಿದ್ರು ಅದಕ್ಕೆ.

ಶುರು ಮಾಡೋ ಜಾಗ ಫ್ಲೈಬೇಸ್ ಡಾಟ್ ಆರ್ಗ್. 1992ರಿಂದ ನಡೀತಾ ಇರೋ ಡೇಟಾಬೇಸ್ ಇದು, ಬಾಳೆಹಣ್ಣಿನ ಗೊನೆ ಸುತ್ತ ಹಾರಾಡೋ ಆ ಪುಟ್ಟ ಹಣ್ಣಿನ ನೊಣದ ಬಗ್ಗೆ ಮನುಷ್ಯರು ಕಂಡುಕೊಂಡಿದ್ದೆಲ್ಲ ಒಂದೇ ಕಡೆ ಕೂಡಿಸಿಟ್ಟಿದ್ದಾರೆ. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಬಿಳಿ ಕಣ್ಣಿನ ಗಂಡು ನೊಣದ ಬಗ್ಗೆ ಬರೆದ ಪೇಪರಿಂದ ಹಿಡಿದು ಮೊನ್ನೆ ಮೊನ್ನೆ ಬಂದ ಸಿಂಗಲ್ ಸೆಲ್ ಡೇಟಾವರೆಗೆ. ಹಾರ್ವರ್ಡ್, ಕೇಂಬ್ರಿಡ್ಜ್, ಇಂಡಿಯಾನಾ, ನ್ಯೂ ಮೆಕ್ಸಿಕೋ ಯೂನಿವರ್ಸಿಟಿಗಳ ಜನ ಸೇರ್ಕೊಂಡು ಕಟ್ಟಿರೋದು. ಕ್ಯುರೇಟರ್ ಅಂತ ಕರೆಯೋ ವಿಜ್ಞಾನಿಗಳು ಪೇಪರ್‌ಗಳನ್ನ ಓದಿ, ಯಾವ ಜೀನ್, ಯಾವ ಅಲೀಲ್ (ಆ ಜೀನಿನ ಯಾವ ರೂಪ), ಏನು ಫಿನೋಟೈಪ್ (ಅದರಿಂದ ನೊಣದಲ್ಲಿ ಕಾಣೋ ಲಕ್ಷಣ) ಅಂತ ಕೈಯಾರೆ ಬಿಡಿಸಿ ತುಂಬ್ತಾರೆ. ಸರ್ಚ್ ಎಂಜಿನ್ ಕೊಡೋ ಉತ್ತರಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಇಲ್ಲಿರೋ ಒಂದೊಂದು ಸಾಲಿನ ಹಿಂದೆನೂ ಯಾವ ಪೇಪರಿಂದ ಬಂತು ಅನ್ನೋ ಕೊಂಡಿ ಇರುತ್ತೆ. ಲಾಗಿನ್ ಬೇಡ, ಮೊಬೈಲಲ್ಲೂ ತೆರೆಯುತ್ತೆ, ಆದ್ರೆ ದಯವಿಟ್ಟು ಕಂಪ್ಯೂಟರಲ್ಲೇ ನೋಡಿ, ಟೇಬಲ್‌ಗಳು ಅಗಲ ಇರ್ತವೆ.

ಮುಖಪುಟ ನೋಡಿದ ತಕ್ಷಣ ಗಾಬರಿ ಆಗುತ್ತೆ, ಅಷ್ಟು ಬಟನ್. ಸದ್ಯಕ್ಕೆ ಎರಡೇ ಸಾಕು. ಮೇಲೆ ಮೆನು ಸಾಲಿನಲ್ಲಿ ಜಂಪ್ ಟು ಜೀನ್ ಅಂತ ಚಿಕ್ಕ ಬಾಕ್ಸ್ ಇರುತ್ತೆ, ಜೀನ್ ಹೆಸರು ಗೊತ್ತಿದ್ರೆ ನೇರ ಅಲ್ಲಿ ಹಾಕಿ. ಹೆಸರು ಗೊತ್ತಿಲ್ಲ, "ನಿದ್ದೆಗೆ ಸಂಬಂಧಪಟ್ಟ ಜೀನ್‌ಗಳು ಬೇಕು" ಅಥವಾ "ಈ ಕಾಯಿಲೆಗೆ ನೊಣದಲ್ಲಿ ಮಾಡೆಲ್ ಇದ್ಯಾ" ಅನ್ನೋ ಥರದ ಹುಡುಕಾಟ ಅಂದ್ರೆ ಕ್ವಿಕ್‌ಸರ್ಚ್, ಅದ್ರೊಳಗೆ ಎಕ್ಸ್‌ಪ್ರೆಶನ್ (ಜೀನ್ ಎಲ್ಲಿ, ಎಷ್ಟು ಓಡ್ತಾ ಇದೆ ಅನ್ನೋದು), ಫಿನೋಟೈಪ್, ಹ್ಯೂಮನ್ ಡಿಸೀಸ್, ಗ್ಯಾಲ್4 ಅಂತ ಬೇರೆ ಬೇರೆ ಟ್ಯಾಬ್ ಇದಾವೆ. ಗ್ಯಾಲ್4 ಅಂದ್ರೆ ಬೇಕಾದ ಟಿಶ್ಯೂನಲ್ಲಿ ಮಾತ್ರ ಇನ್ನೊಂದು ಜೀನನ್ನ ಆನ್ ಮಾಡೋ ಸ್ವಿಚ್, ಅದಕ್ಕೇ ಡ್ರೈವರ್ ಅಂತಾರೆ. ಆ ಟ್ಯಾಬನ್ನ ಮರೀಬೇಡಿ, ನೊಣದ ಮಿದುಳಿನ ಮಶ್ರೂಮ್ ಬಾಡಿ ಅನ್ನೋ ಭಾಗದಲ್ಲಿ ಕೆಲಸ ಮಾಡೋ ಡ್ರೈವರ್ ಯಾವುದು ಅಂತ ನಾಲ್ಕು ದಿನ ಪೇಪರ್ ಹುಡುಕೋ ಬದ್ಲು ಅಲ್ಲಿ ಟಿಶ್ಯೂ ಹೆಸರು ಕೊಟ್ರೆ ಲೈನ್‌ಗಳ (ಅಂದ್ರೆ ನೊಣದ ತಳಿಗಳ) ಪಟ್ಟಿನೇ ಬರುತ್ತೆ.

ಈಗ ಒಂದು ಜೀನ್ ತಗೊಂಡು ಕೊನೆವರೆಗೂ ಹೋಗೋಣ. ಪಾರ್ಕಿನ್ ತಗೊಳ್ಳೋಣ, ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಪಟ್ಟದ್ದು, 1998ರಲ್ಲಿ ಜಪಾನಿನ ವಿಜ್ಞಾನಿಗಳು ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬರೋ ಕುಟುಂಬಗಳಲ್ಲಿ ಕಂಡುಹಿಡಿದಿದ್ದು. ಮನುಷ್ಯರಲ್ಲಿ ಇದರ ಚಿಹ್ನೆ (ಅಂದ್ರೆ ಜೀನಿನ ಚುಟುಕು ಹೆಸರು) ಮೊದ್ಲು ಪಾರ್ಕ್2 ಅಂತ ಇತ್ತು, ಈಗ ಪಿಆರ್‌ಕೆಎನ್. ನೊಣದಲ್ಲಿ ಬರೀ ಪಾರ್ಕ್, ಎಲ್ಲಾ ಚಿಕ್ಕಕ್ಷರ. ಒಂದೇ ಜೀನಿಗೆ ಆಗ್ಲೇ ಮೂರು ಹೆಸರಾಯ್ತು ನೋಡಿ. ಹಳೇ ಪೇಪರ್ ಓದೋವಾಗ ಇನ್ನೂ ನಾಲ್ಕು ಸಿಗುತ್ತೆ.

ಅದಕ್ಕೇ ನಾನು ಯಾರಿಗಾದ್ರೂ ಮೊದಲು ಹೇಳೋದು ಇದು: ಪುಟ ತೆರೆದ ಕೂಡ್ಲೇ ಮೇಲ್ಗಡೆ ಜನರಲ್ ಇನ್ಫರ್ಮೇಶನ್‌ನಲ್ಲಿ ಇರೋ ಫ್ಲೈಬೇಸ್ ಐಡಿಯನ್ನ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಪಾರ್ಕಿನ್‌ದು ಎಫ್‌ಬಿಜಿಎನ್0041100. ಎಫ್ ಬಿ ಅಂದ್ರೆ ಫ್ಲೈಬೇಸ್, ಜಿ ಎನ್ ಅಂದ್ರೆ ಜೀನ್, ಆಮೇಲೆ ಏಳು ಅಂಕಿ. ಇದೇ ಥರ ಅಲೀಲ್‌ಗೆ ಎಫ್‌ಬಿಎಎಲ್, ಟ್ರಾನ್ಸ್‌ಕ್ರಿಪ್ಟ್‌ಗೆ (ಜೀನಿಂದ ಬರೋ ಆರ್‌ಎನ್‌ಎ ಪ್ರತಿ) ಎಫ್‌ಬಿಟಿಆರ್, ಪ್ರೋಟೀನ್‌ಗೆ ಎಫ್‌ಬಿಪಿಪಿ, ಸ್ಟಾಕ್‌ಗೆ (ಸಾಕಿಟ್ಟಿರೋ ನೊಣದ ತಳಿ) ಎಫ್‌ಬಿಎಸ್‌ಟಿ, ಪೇಪರ್‌ಗೆ ಎಫ್‌ಬಿಆರ್‌ಎಫ್. ಪಕ್ಕದಲ್ಲಿ ಸಿಜಿ10523 ಅಂತ ಇನ್ನೊಂದು ನಂಬರೂ ಕಾಣುತ್ತೆ, ಅದು ಅನೊಟೇಶನ್ ನಂಬರ್, ಜೀನಿಗೆ ಯಾರೂ ಹೆಸರಿಡದೇ ಇದ್ದಾಗ ಅದನ್ನೇ ಹೆಸರಾಗಿ ಬಳಸ್ತಾರೆ. ಹೆಸರು ಬದಲಾಗುತ್ತೆ, ಚಿಹ್ನೆ ಬದಲಾಗುತ್ತೆ, ಐಡಿ ಮಾತ್ರ ಸುಮ್ ಸುಮ್ನೆ ಬದಲಾಗಲ್ಲ, ಒಂದು ಜೀನ್ ಅನ್ಕೊಂಡಿದ್ದು ಎರಡು ಅಂತ ಗೊತ್ತಾದಾಗ ಅಥವಾ ಎರಡು ಸೇರಿ ಒಂದಾದಾಗ ಮಾತ್ರ ಹೊಸ ಐಡಿ ಬರುತ್ತೆ, ಹಳೇದು ಸೆಕೆಂಡರಿ ಐಡಿ ಅಂತ ಅದೇ ಪುಟದ ಕೆಳಗೆ ಉಳ್ಕೊಳ್ಳುತ್ತೆ.

ಅಕ್ಷರದ ವಿಷ್ಯ ಬಂತಲ್ಲ, ಡಿ ಎಲ್ ಕಥೆ ಹೇಳ್ಲೇಬೇಕು. ನೊಣದಲ್ಲಿ ಡಿ ದೊಡ್ಡಕ್ಷರ, ಎಲ್ ಚಿಕ್ಕಕ್ಷರ ಹಾಕಿದ್ರೆ ಅದು ಡೆಲ್ಟಾ, ನಾಚ್ ಅನ್ನೋ ರಿಸೆಪ್ಟರ್‌ಗೆ (ಸೆಲ್ ಮೇಲೆ ಕೂತು ಸಂಕೇತ ಹಿಡಿಯೋ ಪ್ರೋಟೀನ್) ಅಂಟಿಕೊಳ್ಳೋ ಲೈಗ್ಯಾಂಡ್, ಮೂರನೇ ಕ್ರೋಮೋಸೋಮಲ್ಲಿದೆ, ಐಡಿ ಎಫ್‌ಬಿಜಿಎನ್0000463. ಎರಡೂ ಚಿಕ್ಕಕ್ಷರ ಹಾಕಿದ್ರೆ ಅದು ಡಾರ್ಸಲ್, ಭ್ರೂಣದ ಬೆನ್ನು ಯಾವುದು ಹೊಟ್ಟೆ ಯಾವುದು ಅಂತ ತೀರ್ಮಾನ ಮಾಡೋ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ (ಬೇರೆ ಜೀನ್‌ಗಳನ್ನ ಆನ್ ಆಫ್ ಮಾಡೋ ಪ್ರೋಟೀನ್), ಎರಡನೇ ಕ್ರೋಮೋಸೋಮಲ್ಲಿದೆ, ಐಡಿ ಎಫ್‌ಬಿಜಿಎನ್0260632. ಎರಡಕ್ಕೂ ಯಾವ ಸಂಬಂಧಾನೂ ಇಲ್ಲ. ನಮಗೆ ಒಂದ್ಸಲ ಹೊರಗಡೆ ಸೀಕ್ವೆನ್ಸಿಂಗ್ ಮಾಡಿಸಿದಾಗ ಬಂದ ಶೀಟಲ್ಲಿ ಜೀನ್ ಹೆಸರೆಲ್ಲಾ ದೊಡ್ಡಕ್ಷರ ಮಾಡಿ ಕಳಿಸಿದ್ರು, ಐಡಿ ಕಾಲಮ್ ತೆಗೆದುಬಿಟ್ಟಿದ್ರು. ಲಿಸ್ಟಲ್ಲಿ ಡಿ ಎಲ್ ಅಂತ ಎರಡು ಸಾಲು, ಒಂದರ ಎಕ್ಸ್‌ಪ್ರೆಶನ್ ಮೇಲೆ ಹೋಗಿದೆ ಒಂದರದ್ದು ಕೆಳಗೆ ಬಂದಿದೆ, ಯಾವುದು ಯಾವುದು ಅಂತ ಹೇಳೋಕೆ ಯಾರಿಂದಲೂ ಆಗ್ಲಿಲ್ಲ, ರಾ ಫೈಲಿಂದ ಎಲ್ಲಾ ಮತ್ತೆ ಮಾಡಿದ್ವಿ. ಅವತ್ತಿಂದ ಐಡಿ ಕಾಲಮ್ ಇಲ್ಲದ ಶೀಟ್ ನಾನು ತಗೊಳ್ಳಲ್ಲ. ಎಕ್ಸೆಲ್‌ದೂ ಅಷ್ಟೇ, ಸೆಪ್ಟಿನ್ ಜೀನ್‌ಗಳ ಹಳೇ ಚಿಹ್ನೆ ಸೆಪ್1, ಸೆಪ್2 ಅಂತ ಟೈಪ್ ಮಾಡಿದ್ರೆ ಅದು ಸೆಪ್ಟೆಂಬರ್ ತಾರೀಖು ಮಾಡ್ಬಿಡುತ್ತೆ, ಫೈಲ್ ತೆರೆಯೋ ಮೊದ್ಲೇ ಆ ಕಾಲಮ್‌ನ ಟೆಕ್ಸ್ಟ್ ಅಂತ ಸೆಟ್ ಮಾಡ್ಕೊಳ್ಳಿ.

ಸರಿ, ಪಾರ್ಕಿನ್ ಪುಟಕ್ಕೆ ವಾಪಸ್ ಬರೋಣ. ಮೇಲ್ಗಡೆ ಜೀನ್ ಸ್ನ್ಯಾಪ್‌ಶಾಟ್ ಅಂತ ಎರಡು ಮೂರು ವಾಕ್ಯ ಇರುತ್ತೆ, ಆ ಜೀನ್ ಮೇಲೆ ಕೆಲಸ ಮಾಡಿರೋರ ಸಹಾಯ ತಗೊಂಡು ಬರೆದಿರೋದು, ಸೆಮಿನಾರಿಗೆ ಹೋಗೋ ಐದು ನಿಮಿಷ ಮೊದಲು ಓದೋಕೆ ಅಷ್ಟು ಸಾಕು. ಎಲ್ಲಾ ಜೀನಿಗೂ ಇರಲ್ಲ. ಅದರ ಕೆಳಗೆ ಜೀನ್ ಎಲ್ಲಿದೆ ಅಂತ, ಪಾರ್ಕಿನ್ ಇರೋದು 3ಎಲ್ ಅಂದ್ರೆ ಮೂರನೇ ಕ್ರೋಮೋಸೋಮಿನ ಎಡಗೈಯಲ್ಲಿ, 78ಸಿ ಬ್ಯಾಂಡಲ್ಲಿ. ಅಲ್ಲಿಂದ ಜೆಬ್ರೌಸ್ ಒತ್ತಿದ್ರೆ ಜೀನೋಮ್ ಬ್ರೌಸರ್ ತೆರೆಯುತ್ತೆ, ಎಕ್ಸಾನ್ (ಆರ್‌ಎನ್‌ಎಯಲ್ಲಿ ಕೊನೆಗೆ ಉಳಿಯೋ ತುಣುಕು) ಇಂಟ್ರಾನ್ (ಮಧ್ಯೆ ಕತ್ತರಿಸಿ ಹೋಗೋ ತುಣುಕು) ಎಲ್ಲಾ ಚಿತ್ರದಲ್ಲಿ ಕಾಣುತ್ತೆ, ಎಡಗಡೆ ಟ್ರ್ಯಾಕ್ ಆನ್ ಮಾಡ್ತಾ ಹೋದ್ರೆ ಆರ್‌ಎನ್‌ಎ ಸೀಕ್ವೆನ್ಸಿಂಗ್ ಸಿಗ್ನಲ್, ಟ್ರಾನ್ಸ್‌ಪೋಸಾನ್ (ಜಾಗ ಬದಲಿಸೋ ಡಿಎನ್‌ಎ ತುಣುಕು) ಎಲ್ಲಿ ಕೂತಿದೆ ಅನ್ನೋದು, ಅಕ್ಕಪಕ್ಕದ ಜೀನ್‌ಗಳು ಎಲ್ಲಾ. ಅಕ್ಕಪಕ್ಕದ ಜೀನ್ ನೋಡೋದು ತುಂಬಾ ಮುಖ್ಯ. ಡ್ರೊಸೊಫಿಲಾ ಜೀನೋಮ್ ತುಂಬಾ ಇಕ್ಕಟ್ಟು, ಜೋಡಿಸಿರೋ ಜೀನೋಮ್ ಸುಮಾರು 14 ಕೋಟಿ ಬೇಸ್, ಅದರಲ್ಲಿ ಸುಮಾರು 14 ಸಾವಿರ ಪ್ರೋಟೀನ್ ಕೋಡಿಂಗ್ ಜೀನ್. ಒಂದು ಜೀನಿನ ಇಂಟ್ರಾನ್ ಒಳಗೇ ಇನ್ನೊಂದು ಜೀನ್ ಕೂತಿರುತ್ತೆ, ನೀವು ಇದನ್ನ ಡಿಲೀಟ್ ಮಾಡ್ತೀನಿ ಅಂತ ಹೊರಟ್ರೆ ಪಕ್ಕದ್ದೂ ಹೋಗುತ್ತೆ.

ಫಂಕ್ಷನ್ ಭಾಗದಲ್ಲಿ ಜೀನ್ ಆಂಟಾಲಜಿ ಪದಗಳು (ಜೀನಿನ ಕೆಲಸ ಹೇಳೋಕೆ ಎಲ್ಲರೂ ಬಳಸೋ ಒಂದೇ ಪದಪಟ್ಟಿ) ಇರ್ತವೆ, ಪಕ್ಕದಲ್ಲಿ ಪುರಾವೆ ಏನು ಅಂತ ಬರೆದಿರುತ್ತೆ, ಹೆಚ್ಚಿನವ್ರು ಅದನ್ನ ಓದೋದೇ ಇಲ್ಲ. ಮ್ಯುಟೆಂಟ್ ಫಿನೋಟೈಪಿಂದ ಗೊತ್ತಾಗಿದ್ದು ಅಂತ ಇದ್ರೆ ಯಾರೋ ನಿಜವಾಗ್ಲೂ ಪ್ರಯೋಗ ಮಾಡಿದ್ದಾರೆ, ಸೀಕ್ವೆನ್ಸ್ ಹೋಲಿಕೆಯಿಂದ ಅಥವಾ ಕಂಪ್ಯೂಟರ್ ತಾನಾಗೇ ಹಾಕಿದ್ದು ಅಂತ ಇದ್ರೆ ಅದು ಬರೀ ಊಹೆ. ಥೀಸಿಸ್‌ನಲ್ಲಿ "ಈ ಜೀನ್ ಈ ಕೆಲಸ ಮಾಡುತ್ತೆ" ಅಂತ ಬರೆಯೋ ಮೊದಲು ಆ ಕಾಲಮ್ ಒಂದ್ಸಲ ನೋಡಿ, ವೈವಾದಲ್ಲಿ ಎಕ್ಸಾಮಿನರ್ ಕೇಳೋದು ಅದನ್ನೇ.

ಎಕ್ಸ್‌ಪ್ರೆಶನ್ ಭಾಗ ನನಗೆ ಇಷ್ಟದ್ದು. ಮಾಡ್‌ಎನ್‌ಕೋಡ್ ಪ್ರಾಜೆಕ್ಟಿನ ಡೇಟಾ ಇದೆ, ಮೊಟ್ಟೆಯಿಂದ ಹಿಡಿದು ವಯಸ್ಸಾದ ನೊಣದವರೆಗೆ ಯಾವ ಹಂತದಲ್ಲಿ ಎಷ್ಟು ಅಂತ ಬಾರ್ ಚಿತ್ರ, ಆಮೇಲೆ ಗ್ಲಾಸ್ಗೋದವರ ಫ್ಲೈಅಟ್ಲಾಸ್ 2, ಅದರಲ್ಲಿ ಮಿದುಳು, ಕರುಳು, ವೃಷಣ, ಅಂಡಾಶಯ ಅಂತ ಒಂದೊಂದು ಟಿಶ್ಯೂಗೂ ಬೇರೆ ಬೇರೆ. ಫ್ಲೈಬೇಸ್ ಈ ನಂಬರ್‌ಗಳನ್ನ ಕಮ್ಮಿ, ಮಧ್ಯಮ, ಹೆಚ್ಚು ಅಂತ ಗುಂಪು ಮಾಡಿ ತೋರಿಸುತ್ತೆ. ಇಲ್ಲೊಂದು ಹುಷಾರು. ನಿಮ್ಮ ಜೀನ್ ಮಿದುಳಿನ ನೂರೇ ನೂರು ನ್ಯೂರಾನಲ್ಲಿ ಜೋರಾಗಿ ಓಡ್ತಾ ಇದ್ರೂ ಇಡೀ ತಲೆಯ ಆರ್‌ಎನ್‌ಎ ತೆಗೆದಾಗ ಅದು "ತೀರಾ ಕಮ್ಮಿ" ಅಂತ ಕಾಣುತ್ತೆ, ಅಯ್ಯೋ ಎಕ್ಸ್‌ಪ್ರೆಸ್ಸೇ ಆಗಲ್ಲ ಅಂತ ಬಿಟ್ಟುಬಿಡಬೇಡಿ. ಅಂಥಾ ಸಮಯದಲ್ಲಿ ಫ್ಲೈ ಸೆಲ್ ಅಟ್ಲಾಸ್ ನೋಡಿ, 2022ರಲ್ಲಿ ಬಂತು, 5 ಲಕ್ಷದ 80 ಸಾವಿರಕ್ಕೂ ಹೆಚ್ಚು ನ್ಯೂಕ್ಲಿಯಸ್‌ಗಳನ್ನ ಒಂದೊಂದಾಗಿ ಸೀಕ್ವೆನ್ಸ್ ಮಾಡಿ 250ಕ್ಕೂ ಹೆಚ್ಚು ಥರದ ಸೆಲ್‌ಗಳನ್ನ ಗುರುತು ಹಿಡಿದಿದ್ದಾರೆ, ಅದರಲ್ಲಿ ಯಾವ ಸೆಲ್ಲಲ್ಲಿ ನಿಮ್ಮ ಜೀನ್ ಇದೆ ಅಂತ ಬಿಡಿಸಿ ಕಾಣುತ್ತೆ.

ಮುಂದೆ ಅಲೀಲ್ ಮತ್ತೆ ಫಿನೋಟೈಪ್. ಪಾರ್ಕಿನ್‌ಗೆ ಪಾರ್ಕ್25 ಅನ್ನೋ ನಲ್ ಅಲೀಲ್ (ಜೀನ್ ಕೆಲಸಾನೇ ಮಾಡದ ರೂಪ) ತುಂಬಾ ಬಳಕೆಯಲ್ಲಿದೆ. ಫಿನೋಟೈಪ್ ಓದ್ತಾ ಹೋದ್ರೆ ಹಾರೋಕೆ ಬೇಕಾದ ಸ್ನಾಯು ಸವೆದು ಹೋಗೋದು, ಗಂಡು ನೊಣಗಳಿಗೆ ಮರಿ ಆಗದೇ ಇರೋದು, ಆಯಸ್ಸು ಕಮ್ಮಿ ಆಗೋದು ಎಲ್ಲಾ ಸಿಗುತ್ತೆ, 2003ರಲ್ಲಿ ಮೊದಲು ಬಂದ ಕೆಲಸ ಅದು. ಮೈಟೊಕಾಂಡ್ರಿಯಾ ಕೆಟ್ಟಿರೋದೂ ಕಾಣುತ್ತೆ. ಇಂಟರಾಕ್ಷನ್ ಭಾಗಕ್ಕೆ ಹೋದ್ರೆ ಪಿಂಕ್1 ಕಾಣುತ್ತೆ, ಪಾರ್ಕಿನ್ಸನ್‌ಗೇ ಸಂಬಂಧಪಟ್ಟ ಇನ್ನೊಂದು ಜೀನ್. 2006ರಲ್ಲಿ ಗೊತ್ತಾಗಿದ್ದು ಏನಪ್ಪಾ ಅಂದ್ರೆ ಪಿಂಕ್1 ಕೆಟ್ಟ ನೊಣ ಥೇಟ್ ಪಾರ್ಕಿನ್ ಕೆಟ್ಟ ನೊಣದ ಹಾಗೇ ಇರುತ್ತೆ, ಅದಕ್ಕೆ ಪಾರ್ಕಿನ್ ಜಾಸ್ತಿ ಕೊಟ್ರೆ ಸರಿ ಹೋಗುತ್ತೆ, ಪಾರ್ಕಿನ್ ಇಲ್ಲದ್ದಕ್ಕೆ ಪಿಂಕ್1 ಜಾಸ್ತಿ ಕೊಟ್ರೆ ಸರಿ ಹೋಗಲ್ಲ. ಅಂದ್ರೆ ಪಿಂಕ್1 ಮೇಲೆ, ಪಾರ್ಕಿನ್ ಅದರ ಕೆಳಗೆ. ಮನುಷ್ಯರ ಕಾಯಿಲೆಯ ಎರಡು ಜೀನ್ ಒಂದೇ ದಾರಿಯಲ್ಲಿವೆ ಅನ್ನೋದು ಗಟ್ಟಿಯಾಗಿದ್ದು ಈ ಪುಟ್ಟ ನೊಣದಿಂದ. ನಾನು ಈ ಫೀಲ್ಡಿಗೆ ಬಂದಿದ್ದೇ ಆ ಕೆಲಸ ಓದಿ, ಅದಕ್ಕೇ ಇದನ್ನ ಹೇಳೋವಾಗ ಸ್ವಲ್ಪ ಉದ್ದ ಆಗುತ್ತೆ.

ಮನುಷ್ಯರ ಜೀನಿಂದ ನೊಣದ ಜೀನಿಗೆ ಬರೋರು ಆರ್ಥಲಾಗ್ (ಬೇರೆ ಜೀವಿಯಲ್ಲಿರೋ ಜೋಡಿ ಜೀನ್) ಭಾಗ ನೋಡಿ. ಅಲ್ಲಿರೋ ಅಂಕ ಡಯಾಪ್ಟ್ ಅನ್ನೋ ಟೂಲಿಂದು, ಹಾರ್ವರ್ಡಿನ ಡ್ರೊಸೊಫಿಲಾ ಸ್ಕ್ರೀನಿಂಗ್ ಸೆಂಟರ್‌ನವರು ಮಾಡಿರೋದು, ಹತ್ತಕ್ಕೂ ಹೆಚ್ಚು ಬೇರೆ ಬೇರೆ ವಿಧಾನಗಳಲ್ಲಿ ಎಷ್ಟು ವಿಧಾನ "ಹೌದು ಇದೇ ಜೋಡಿ" ಅಂತ ಹೇಳ್ತು ಅನ್ನೋ ಲೆಕ್ಕ ಅದು. ಒಂದೋ ಎರಡೋ ವಿಧಾನ ಮಾತ್ರ ಹೌದು ಅಂದಿದ್ರೆ ಅದರ ಮೇಲೆ ಪ್ರಾಜೆಕ್ಟ್ ಕಟ್ಟೋಕೆ ಹೋಗ್ಬೇಡಿ. ಇನ್ನೊಂದು, ವಾಪಸ್ ದಿಕ್ಕಿನಲ್ಲೂ ನೋಡಿ. ಮನುಷ್ಯರ ಜೀನಿಗೆ ನೊಣದಲ್ಲಿ ಅತ್ಯುತ್ತಮ ಜೋಡಿ ಇದೇ ಇರಬಹುದು, ಆದ್ರೆ ನೊಣದ ಆ ಜೀನಿಗೆ ಮನುಷ್ಯರಲ್ಲಿ ಇನ್ನೂ ಚೆನ್ನಾಗಿ ಹೊಂದೋದು ಬೇರೆ ಇರಬಹುದು.

ಈಗ ಎಲ್ಲರೂ ಕಾಯ್ತಾ ಇರೋ ಭಾಗ, ಸ್ಟಾಕ್ಸ್ ಅಂಡ್ ರಿಯೇಜೆಂಟ್ಸ್. ಓದಿದ್ದಾಯ್ತು, ನೊಣ ಬೇಕು. ಇಲ್ಲಿ ಬ್ಲೂಮಿಂಗ್ಟನ್, ವಿಯೆನ್ನಾ, ಕ್ಯೋಟೋ ಹೀಗೆ ಬೇರೆ ಬೇರೆ ಸ್ಟಾಕ್ ಸೆಂಟರ್‌ಗಳಲ್ಲಿ ಏನೇನಿದೆ ಅಂತ ಪಟ್ಟಿ ಬರುತ್ತೆ. ಆರ್‌ಎನ್‌ಎಐ ಲೈನ್ (ಬೇಕಾದ ಜೀನಿನ ಆರ್‌ಎನ್‌ಎ ಕಮ್ಮಿ ಮಾಡೋ ತಳಿ) ಆರಿಸೋವಾಗ ನಾನು ನೋಡೋದು ಇಷ್ಟು. ಬ್ಲೂಮಿಂಗ್ಟನ್ನಿನ ಟ್ರಿಪ್ ಅನ್ನೋ ಸಂಗ್ರಹದ ಲೈನ್ ಆದ್ರೆ ವೆಕ್ಟರ್ (ಜೀನ್ ತುಣುಕು ಹೊತ್ತು ತರೋ ಡಿಎನ್‌ಎ) ಯಾವುದು ನೋಡಿ, ವ್ಯಾಲಿಯಮ್10 ಇದ್ರೆ ಅಂಡಾಶಯದ ಜರ್ಮ್‌ಲೈನಲ್ಲಿ (ಮೊಟ್ಟೆ ಆಗೋ ಸೆಲ್‌ಗಳಲ್ಲಿ) ಸರಿಯಾಗಿ ಕೆಲಸ ಮಾಡಲ್ಲ, ವ್ಯಾಲಿಯಮ್20 ಮೈಯಲ್ಲೂ ಜರ್ಮ್‌ಲೈನಲ್ಲೂ ನಡೆಯುತ್ತೆ. ಜೀನೋಟೈಪ್ ಕೊನೇಲಿ ಎಟಿಟಿಪಿ2 ಅಂತ ಇದ್ರೆ ಇನ್ಸರ್ಷನ್ (ಹೊರಗಿಂದ ಸೇರಿಸಿದ ತುಣುಕು ಕೂತಿರೋದು) ಮೂರನೇ ಕ್ರೋಮೋಸೋಮಲ್ಲಿ, ಎಟಿಟಿಪಿ40 ಅಂತ ಇದ್ರೆ ಎರಡನೇದ್ರಲ್ಲಿ, ನಿಮ್ಮ ಗ್ಯಾಲ್4 ಯಾವುದರಲ್ಲಿದೆ ನೋಡ್ಕೊಂಡು ಆರಿಸಿದ್ರೆ ಆಮೇಲೆ ಕ್ರಾಸ್ ಹಾಕೋವಾಗ ಒಂದು ತಲೆಮಾರು ಉಳಿಯುತ್ತೆ. ವಿಯೆನ್ನಾದ ಕೆಕೆ ಲೈಬ್ರರಿ ಲೈನ್ ಆದ್ರೆ ಇನ್ನೊಂದು ತೊಂದರೆ ಇದೆ, ಅದರಲ್ಲಿ ಕೆಲವು ಲೈನ್‌ಗಳಲ್ಲಿ 40ಡಿ ಅನ್ನೋ ಬೇಡದ ಜಾಗದಲ್ಲೂ ಇನ್ಸರ್ಷನ್ ಕೂತಿದೆ, ಅದರಿಂದಾನೇ ಫಿನೋಟೈಪ್ ಬರಬಹುದು, ನಿಮ್ಮ ಜೀನಿಗೆ ಏನೂ ಸಂಬಂಧ ಇರಲ್ಲ. ಪಿಸಿಆರ್ ಮಾಡಿ ನೋಡ್ಕೊಂಡೇ ಮುಂದೆ ಹೋಗಿ. ಏನೇ ಆಗ್ಲಿ ಒಂದೇ ಲೈನ್ ನಂಬ್ಕೊಂಡು ಪೇಪರ್ ಬರೀಬೇಡಿ, ಜೀನಿನ ಬೇರೆ ಬೇರೆ ಭಾಗಕ್ಕೆ ಹೊಂದೋ ಎರಡು ಲೈನ್ ಆದ್ರೂ ಇರ್ಲಿ.

ವಿದೇಶದಿಂದ ಜೀವಂತ ನೊಣ ತರಿಸೋಕೆ ಕಾಗದ ಪತ್ರ ಆಗ್ಬೇಕು, ಬಿಸಿಲುಗಾಲದಲ್ಲಿ ವಯಲ್ (ನೊಣ ಸಾಕೋ ಸಣ್ಣ ಶೀಶೆ) ದಾರೀಲಿ ತಡ ಆದ್ರೆ ನೊಣ ಸತ್ತೇ ಬರುತ್ತೆ. ಅದಕ್ಕೆ ಮೊದಲು ಇಲ್ಲೇ ಯಾರ ಹತ್ರ ಇದೆ ವಿಚಾರಿಸಿ. ಬೆಂಗಳೂರಲ್ಲಿ ಜಿಕೆವಿಕೆ ಕ್ಯಾಂಪಸ್ಸಿನ ಎನ್‌ಸಿಬಿಎಸ್ (ಜೀವವಿಜ್ಞಾನ ಸಂಶೋಧನಾ ಸಂಸ್ಥೆ) ಕಡೆ ಫ್ಲೈ ಫೆಸಿಲಿಟಿ ಇದೆ, ಮೈಸೂರು ಯೂನಿವರ್ಸಿಟಿ ಮಾನಸಗಂಗೋತ್ರಿಯ ಜೂವಾಲಜಿ ವಿಭಾಗದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ಆರ್. ರಾಜಶೇಖರಶೆಟ್ಟರ ಕಾಲದಿಂದ ನಡ್ಕೊಂಡು ಬಂದಿರೋ ಕೆಲಸ, ನಾಸುಟಾ ಗುಂಪಿನ ನೊಣಗಳ ಮೇಲೆ ಅಲ್ಲಿ ಆಗಿರೋ ಕೆಲಸ ಪ್ರಪಂಚಕ್ಕೇ ಗೊತ್ತು. ಒಂದು ಮಾತು, ನೀವು ನಾಸುಟಾ, ಆಲ್ಬೊಮಿಕಾನ್ಸ್ ಥರದ ಬೇರೆ ಜಾತಿ ಮೇಲೆ ಕೆಲಸ ಮಾಡೋರಾದ್ರೆ ಫ್ಲೈಬೇಸ್‌ನಲ್ಲಿ ಸೀಕ್ವೆನ್ಸ್ ಹುಡುಕಿ ಬೇಜಾರಾಗ್ಬೇಡಿ, ಅದರ ಜೀವಾಳ ಮೆಲನೊಗ್ಯಾಸ್ಟರ್ ಒಂದೇ. ಬೇರೆ ಜಾತಿಗಳ ಜೀನೋಮಿಗೆ ಎನ್‌ಸಿಬಿಐಗೆ (ಅಮೆರಿಕ ಸರ್ಕಾರದ ಸೀಕ್ವೆನ್ಸ್ ಡೇಟಾಬೇಸ್) ಹೋಗಿ, ಅಲ್ಲಿ ಬ್ಲಾಸ್ಟ್ (ಸೀಕ್ವೆನ್ಸ್ ಹೋಲಿಸಿ ಹುಡುಕೋ ಟೂಲ್) ಮಾಡಿ ಮೆಲನೊಗ್ಯಾಸ್ಟರಿನ ಜೋಡಿ ಜೀನ್ ಹಿಡ್ಕೊಂಡು, ಅದರ ಬಗ್ಗೆ ಓದೋಕೆ ಫ್ಲೈಬೇಸಿಗೆ ಬನ್ನಿ.

ಇಲ್ಲಿವರೆಗೆ ಒಂದು ಜೀನ್. ನಿಮ್ಮ ಕೈಲಿ 300 ಜೀನ್ ಲಿಸ್ಟ್ ಇದ್ರೆ ಒಂದೊಂದೇ ಪುಟ ತೆರೆದು ಕಾಪಿ ಮಾಡ್ತಾ ಕೂರಬೇಡಿ, ಹಾಗೆ ಮೂರು ದಿನ ಕೂತಿರೋ ಹುಡುಗೀನ ನೋಡಿ ನಂಗೆ ಸಂಕಟ ಆಯ್ತು. ಮೊದಲು ಐಡಿ ವ್ಯಾಲಿಡೇಟರ್‌ಗೆ ಹೋಗಿ, ಲಿಸ್ಟ್ ಪೇಸ್ಟ್ ಮಾಡಿ, ಯಾವ ಐಡಿ ಈಗಲೂ ಚಾಲ್ತಿಯಲ್ಲಿದೆ, ಯಾವುದು ಹಳೇದಾಗಿ ಹೊಸದಕ್ಕೆ ಬದಲಾಗಿದೆ, ಯಾವುದು ಒಡೆದು ಎರಡಾಗಿದೆ ಅಂತ ಅದು ಹೇಳುತ್ತೆ. ಎರಡಾಗಿರೋದನ್ನ ಮಾತ್ರ ನೀವೇ ಕೂತು ನೋಡ್ಬೇಕು, ಮೆಷಿನ್ನಿಗೆ ಬಿಡಬೇಡಿ. ಸರಿಪಡಿಸಿದ ಲಿಸ್ಟನ್ನ ಬ್ಯಾಚ್ ಡೌನ್‌ಲೋಡ್‌ಗೆ ಕೊಟ್ಟು ಯಾವ ಯಾವ ಮಾಹಿತಿ ಬೇಕು ಟಿಕ್ ಮಾಡಿದ್ರೆ, ಚಿಹ್ನೆ, ಜಾಗ, ಆಂಟಾಲಜಿ ಪದ, ಆರ್ಥಲಾಗ್, ಸ್ಟಾಕ್, ಎಲ್ಲಾ ಒಂದೇ ಟೇಬಲಲ್ಲಿ ಇಳಿಯುತ್ತೆ. ಇಡೀ ಜೀನೋಮಿನದ್ದೇ ಬೇಕು ಅಂದ್ರೆ ಡೌನ್‌ಲೋಡ್ಸ್ ಮೆನುನಲ್ಲಿ ಮೊದಲೇ ಮಾಡಿಟ್ಟ ಫೈಲ್‌ಗಳಿವೆ, ಹಳೇ ಹೆಸರು ಹೊಸ ಹೆಸರಿನ ಫೈಲ್ ಒಂದನ್ನ ಇಳಿಸಿ ಇಟ್ಕೊಂಡಿರಿ, ದಿನಾ ಉಪಯೋಗಕ್ಕೆ ಬರುತ್ತೆ.

ಇನ್ನು ಕೊಆರ್ಡಿನೇಟ್ ವಿಷ್ಯ, ಅಂದ್ರೆ ಜೀನ್ ಕ್ರೋಮೋಸೋಮಲ್ಲಿ ಎಷ್ಟನೇ ಬೇಸಲ್ಲಿದೆ ಅನ್ನೋ ನಂಬರ್. ಇದನ್ನ ನಿಧಾನವಾಗಿ ಓದಿ, ನಂದು ಮೂರು ವಾರ ಇದರಲ್ಲೇ ಹೋಗಿದೆ.

ನೊಣದ ಜೀನೋಮ್ 2000ನೇ ಇಸವಿಯಲ್ಲಿ ಮೊದಲು ಬಂತು, ಆಮೇಲೆ ತಿದ್ದಿ ತಿದ್ದಿ ಹೊಸ ರಿಲೀಸ್ ಬಂದ್ವು, ಈಗ ನಡೀತಾ ಇರೋದು ರಿಲೀಸ್ 6, 2014ರಿಂದ. ಯುಸಿಎಸ್‌ಸಿ ಅನ್ನೋ ಇನ್ನೊಂದು ಜೀನೋಮ್ ಬ್ರೌಸರಿನಲ್ಲಿ ಇದನ್ನ ಡಿಎಂ6 ಅಂತಾರೆ, ಅದಕ್ಕೆ ಹಿಂದಿನ ರಿಲೀಸ್ 5ನ್ನ ಡಿಎಂ3 ಅಂತಾರೆ, ನಂಬರ್ ಹೊಂದಲ್ಲ, ಅದೇ ಮೊದಲ ಗೊಂದಲ. ರಿಲೀಸ್ ಬದಲಾದಾಗ ಕ್ರೋಮೋಸೋಮಿನ ತುದಿಯಲ್ಲಿ ಹೊಸ ಸೀಕ್ವೆನ್ಸ್ ಸೇರಿದ್ರೆ ಆಮೇಲಿಂದು ಎಲ್ಲಾ ಮುಂದಕ್ಕೆ ಸರಿಯುತ್ತೆ. ಮಾರ್ಗನ್ ಕಂಡ ಆ ವೈಟ್ ಜೀನೇ ತಗೊಳ್ಳಿ, ಎಕ್ಸ್ ಕ್ರೋಮೋಸೋಮಲ್ಲಿ ರಿಲೀಸ್ 5ರಲ್ಲಿ ಸುಮಾರು 26 ಲಕ್ಷದ 84 ಸಾವಿರದ ಹತ್ರ ಶುರುವಾಗ್ತಿತ್ತು, ರಿಲೀಸ್ 6ರಲ್ಲಿ 27 ಲಕ್ಷದ 90 ಸಾವಿರದ ಹತ್ರ. ಒಂದು ಲಕ್ಷ ಬೇಸಿಗೂ ಹೆಚ್ಚು ಸರಿದಿದೆ. 2ಆರ್, 3ಆರ್ ಕೈಗಳಲ್ಲಿ 40 ಲಕ್ಷ ಬೇಸಿಗೂ ಮೀರಿ ಸರಿದಿದೆ. ಆದ್ರೆ 2ಎಲ್‌ನಲ್ಲಿ ಹೆಚ್ಚೂಕಡಿಮೆ ಅದೇ ನಂಬರ್ ಹಾಗೇ ಉಳಿದಿದೆ.

ನಾನು ಡಿಜಿಆರ್‌ಪಿ ಡೇಟಾ ಮೇಲೆ ಕೆಲಸ ಮಾಡ್ತಿದ್ದೆ. ಅಮೆರಿಕದ ರಾಲಿಯಲ್ಲಿ ಹಿಡಿದ ನೊಣಗಳಿಂದ ಮಾಡಿದ 205 ಇನ್‌ಬ್ರೆಡ್ (ಒಳಸಂತಾನದಿಂದ ಮಾಡಿದ) ಲೈನ್‌ಗಳ ಜೀನೋಮ್ ಅದು, ಅದರ ವೇರಿಯಂಟ್ ಫೈಲ್ (ಯಾವ ಜಾಗದಲ್ಲಿ ಬೇಸ್ ಬೇರೆ ಇದೆ ಅನ್ನೋ ಪಟ್ಟಿ) ಇರೋದು ರಿಲೀಸ್ 5ರ ಕೊಆರ್ಡಿನೇಟಲ್ಲಿ. ನಾನು ಅದನ್ನ ರಿಲೀಸ್ 6ರ ಜೀನ್ ಫೈಲ್ ಜೊತೆ ಕೂಡಿಸಿದೆ. ಪ್ರೋಗ್ರಾಮ್ ಒಂದು ಎರರೂ ಕೊಡಲಿಲ್ಲ, ಯಾಕೆ ಕೊಡುತ್ತೆ, ಅದಕ್ಕೆ ಎರಡೂ ಬರೀ ನಂಬರ್. ಸರಿ ಇದ್ಯಾ ನೋಡೋಣ ಅಂತ ಒಂದು ಜೀನ್ ಚೆಕ್ ಮಾಡಿದೆ, ಎಡಿಎಚ್, ಎಲ್ಲರಿಗೂ ಗೊತ್ತಿರೋ ಜೀನ್ ಅಲ್ವಾ ಅಂತ. ಅದು ಇರೋದು 2ಎಲ್‌ನಲ್ಲಿ. ಕರೆಕ್ಟಾಗಿ ಕೂತ್ಕೊಂಡ್ತು. ಸಮಾಧಾನ ಆಗಿ ಮುಂದೆ ಹೋದೆ. ಮೂರು ವಾರ ಆದ್ಮೇಲೆ ಒಂದು ಜೀನಿನ ಎಕ್ಸಾನ್ ಒಳಗೆ ಪ್ರೋಟೀನ್ ನಿಲ್ಲಿಸಿಬಿಡೋ ಮ್ಯುಟೇಶನ್ ಅಂತ ಬಂದಿದ್ದನ್ನ ಪಿಸಿಆರ್ ಮಾಡಿ ಸೀಕ್ವೆನ್ಸ್ ಮಾಡಿಸಿದ್ರೆ ಅಲ್ಲಿ ಏನೂ ಇಲ್ಲ. ಎರಡನೇ ಸಲ ಮಾಡಿಸಿದೆ, ಇಲ್ಲ. ಆಗ ಕೂತು ಫೈಲಲ್ಲಿರೋ ರೆಫರೆನ್ಸ್ ಬೇಸ್ ಜೀನೋಮಿನ ಆ ಜಾಗದ ಬೇಸಿಗೆ ಹೊಂದ್ತಾ ಇದ್ಯಾ ಅಂತ ಒಂದೊಂದೇ ನೋಡ್ದಾಗ ಗೊತ್ತಾಯ್ತು, 2ಎಲ್ ಬಿಟ್ರೆ 2ಆರ್, 3ಆರ್, ಎಕ್ಸ್ ಎಲ್ಲಾ ತಪ್ಪು.

ಅದಕ್ಕೆ ಈಗ ನಾನು ಮಾಡೋದು, ಯಾವ ಫೈಲ್ ಬಂದ್ರೂ ಮೊದಲು ರಿಲೀಸ್ ಎಷ್ಟು ಅಂತ ಹುಡುಕ್ತೀನಿ, ಬರೆದಿಲ್ಲ ಅಂದ್ರೆ ವೈಟ್ ಜೀನ್ ಎಲ್ಲಿ ಬರುತ್ತೆ ನೋಡ್ತೀನಿ, 26 ಲಕ್ಷ ಅಂದ್ರೆ 5, 27 ಲಕ್ಷ ಅಂದ್ರೆ 6. ಒಂದಲ್ಲ, ಎಕ್ಸ್, 2ಆರ್, 3ಆರ್ ಮೂರರಲ್ಲೂ ಒಂದೊಂದು ಜೀನ್ ಚೆಕ್ ಮಾಡ್ತೀನಿ. ವೇರಿಯಂಟ್ ಫೈಲಾದ್ರೆ ರೆಫರೆನ್ಸ್ ಬೇಸ್ ಜೀನೋಮಿನ ಜೊತೆ ಹೊಂದುತ್ತಾ ಅಂತ ಒಂದು ನೂರು ಸಾಲು ಪರೀಕ್ಷೆ ಮಾಡ್ತೀನಿ. ಬದಲಾಯಿಸೋಕೆ ಫ್ಲೈಬೇಸಿನ ಟೂಲ್ಸ್‌ನಲ್ಲೇ ಕೊಆರ್ಡಿನೇಟ್ಸ್ ಕನ್ವರ್ಟರ್ ಇದೆ, ಹಳೇ ನಂಬರ್ ಕೊಟ್ರೆ ಹೊಸದು ಕೊಡುತ್ತೆ. ಇದೇ ಜಾಗದಲ್ಲಿ ಇನ್ನೆರಡು ಸಣ್ಣ ಕಾಟ ಇವೆ, ಯುಸಿಎಸ್‌ಸಿ ಕ್ರೋಮೋಸೋಮ್ ಹೆಸರಿನ ಮುಂದೆ ಸಿ ಎಚ್ ಆರ್ ಸೇರಿಸುತ್ತೆ, ಫ್ಲೈಬೇಸ್ ಸೇರಿಸಲ್ಲ, ಎರಡು ಕಡೆ ಫೈಲ್ ಕೂಡಿಸಿದ್ರೆ ಉತ್ತರ ಖಾಲಿ ಬರುತ್ತೆ. ಜಾಗ ಬರೆದಿಡೋ ಎರಡು ಥರದ ಫೈಲಲ್ಲಿ ಬೆಡ್ ಸೊನ್ನೆಯಿಂದ ಎಣಿಸುತ್ತೆ, ಜಿಎಫ್‌ಎಫ್ ಒಂದರಿಂದ ಎಣಿಸುತ್ತೆ, ಒಂದು ಬೇಸ್ ವ್ಯತ್ಯಾಸ ಬರುತ್ತೆ, ಕ್ರಿಸ್ಪರ್ ಗೈಡ್ (ಜೀನಿನ ಯಾವ ಜಾಗ ಕತ್ತರಿಸ್ಬೇಕು ಅಂತ ತೋರಿಸೋ ಆರ್‌ಎನ್‌ಎ) ಮಾಡೋವಾಗ ಆ ಒಂದು ಬೇಸೇ ಸಾಕು ಕೆಡಿಸೋಕೆ. ಗೈಡ್ ಅಂದ್ಮೇಲೆ ಇದನ್ನೂ ಹೇಳ್ಬಿಡ್ತೀನಿ, ರೆಫರೆನ್ಸ್ ಜೀನೋಮ್ ಐಸೊ-1 ಅನ್ನೋ ಒಂದೇ ಲೈನಿಂದು, ನಿಮ್ಮ ಬಾಟಲಿಯಲ್ಲಿರೋದು ಕ್ಯಾಂಟನ್-ಎಸ್ ಇರಬಹುದು ಡಬ್ಲ್ಯು1118 ಇರಬಹುದು, ಅವು ಬೇರೆ ತಳಿ, ನಿಮ್ಮ ನೊಣದಲ್ಲಿ ಆ ಜಾಗ ಸೀಕ್ವೆನ್ಸ್ ಮಾಡಿಸದೇ ಗೈಡ್ ಆರ್ಡರ್ ಮಾಡ್ಬೇಡಿ.

ಜೀನೋಮ್ ರಿಲೀಸ್ ಬೇರೆ, ಫ್ಲೈಬೇಸ್ ರಿಲೀಸ್ ಬೇರೆ. ವೆಬ್‌ಸೈಟ್ ವರ್ಷಕ್ಕೆ ಹಲವು ಸಲ ಅಪ್‌ಡೇಟ್ ಆಗುತ್ತೆ, ಎಫ್‌ಬಿ ಆಮೇಲೆ ಇಸವಿ, ಆಮೇಲೆ 01, 02 ಅಂತ ಅದಕ್ಕೆ ನಂಬರ್ ಇರುತ್ತೆ. ಡೇಟಾ ಇಳಿಸಿದ ದಿನ ಆ ನಂಬರ್ ಫೈಲ್ ಹೆಸರಲ್ಲೇ ಸೇರಿಸಿಡಿ, ಮೆಥಡ್ಸ್ ಭಾಗದಲ್ಲಿ ಬರೆಯೋಕೆ ಬೇಕೇ ಬೇಕು.

ಇಂಥದ್ದು ಯಾವಾಗ್ಲೂ ಇರುತ್ತೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ. 2025ರಲ್ಲಿ ಹಾರ್ವರ್ಡಿಗೆ ಬರ್ತಿದ್ದ ಅಮೆರಿಕ ಸರ್ಕಾರದ ಗ್ರ್ಯಾಂಟ್‌ಗಳು ನಿಂತಾಗ ಫ್ಲೈಬೇಸಿಗೂ ಏಟು ಬಿತ್ತು, ಕೆಲಸಗಾರರು ಕೆಲಸ ಕಳ್ಕೊಂಡ್ರು, ಬಳಸೋ ಲ್ಯಾಬ್‌ಗಳ ಹತ್ರ ದೇಣಿಗೆ ಕೇಳೋ ಪರಿಸ್ಥಿತಿ ಬಂತು. ನೊಣ ಮಾತ್ರ ಅಲ್ಲ, ಯೀಸ್ಟಿಗೆ ಎಸ್‌ಜಿಡಿ, ಹುಳಕ್ಕೆ ವರ್ಮ್‌ಬೇಸ್, ಜೀಬ್ರಾ ಮೀನಿಗೆ ಜಡ್‌ಫಿನ್, ಇಲಿಗೆ ಎಂಜಿಐ, ಇವೆಲ್ಲಾ ಒಟ್ಟಾಗಿ ಅಲಯನ್ಸ್ ಆಫ್ ಜೀನೋಮ್ ರಿಸೋರ್ಸಸ್ ಅಂತ ಒಂದು ಸೈಟ್ ಮಾಡ್ಕೊಂಡಿವೆ, ಒಂದು ಜೀನ್ ಹಾಕಿದ್ರೆ ಎಲ್ಲಾ ಜೀವಿಗಳಲ್ಲೂ ಏನಾಗುತ್ತೆ ಅಂತ ಒಂದೇ ಪುಟದಲ್ಲಿ ಕಾಣುತ್ತೆ, ಅದನ್ನೂ ಬುಕ್‌ಮಾರ್ಕ್ ಮಾಡ್ಕೊಳ್ಳಿ. ದುಡ್ಡು ಕೊಡೋಕೆ ಎಲ್ಲರಿಗೂ ಆಗಲ್ಲ, ಆದ್ರೆ ಪೇಪರಲ್ಲಿ ಫ್ಲೈಬೇಸನ್ನ ಸರಿಯಾಗಿ ರೆಫರೆನ್ಸ್ ಪಟ್ಟಿಯಲ್ಲಿ ಸೇರಿಸೋಕೆ ಎಲ್ಲರಿಗೂ ಆಗುತ್ತೆ, ಗ್ರ್ಯಾಂಟ್ ಕೇಳೋವಾಗ ಅವ್ರು ತೋರಿಸೋ ಲೆಕ್ಕ ಅದೇ. ಬರೀ ಕೆಳಗಡೆ ಥ್ಯಾಂಕ್ಸ್ ಹೇಳಿ ಬಿಟ್ರೆ ಆ ಲೆಕ್ಕಕ್ಕೆ ಬರಲ್ಲ.

ನಿಮ್ಮದೇ ಪೇಪರ್ ಬಂದಾಗ ಇನ್ನೊಂದು ಕೆಲಸ ಇದೆ. ಫಾಸ್ಟ್ ಟ್ರ್ಯಾಕ್ ಯುವರ್ ಪೇಪರ್ ಅಂತ ಒಂದು ಫಾರ್ಮ್ ಇದೆ, ಟೂಲ್ಸ್ ಅಥವಾ ಕಮ್ಯುನಿಟಿ ಮೆನುನಲ್ಲಿ ಹುಡುಕಿ, ಪಬ್‌ಮೆಡ್ ನಂಬರ್ ಹಾಕಿ, ಪೇಪರಲ್ಲಿ ಏನೇನು ಥರದ ಡೇಟಾ ಇದೆ ಟಿಕ್ ಮಾಡಿ, ಯಾವ ಯಾವ ಜೀನ್ ಮೇಲೆ ಕೆಲಸ ಮಾಡಿದ್ದೀರಿ ಅಂತ ಸೇರಿಸಿ ಕಳಿಸಿ. ಆ ಜೀನ್‌ಗಳ ಪುಟದಲ್ಲಿ ನಿಮ್ಮ ಪೇಪರ್ ಬೇಗ ಕಾಣಿಸ್ಕೊಳ್ಳುತ್ತೆ, ಕ್ಯುರೇಟರ್‌ಗೂ ಕೆಲಸ ಹಗುರ ಆಗುತ್ತೆ. ಜೀನ್ ಸೇರಿಸೋವಾಗ ಹೆಸರು ಟೈಪ್ ಮಾಡ್ಬೇಡಿ, ಐಡಿನೇ ಹಾಕಿ, ಡಿ ಎಲ್ ನೆನಪಿದ್ಯಲ್ಲ.